ಕೊನೆಯ ಬಾಣ ಯಾರತ್ತ? — ಓದುಗರ ಪ್ರಶ್ನೆಗಳಿಗೆ ಉತ್ತರ

‘ದಿ ಹಂಗರ್ ಗೇಮ್ಸ್’ ಚಿತ್ರಗಳ ಬಗ್ಗೆ ಈ ಸಲ ಕೊಡಗಿನಿಂದ ಬಂದ ಪತ್ರಗಳು ಹೆಚ್ಚಾಗಿ ಒಂದೇ ಚಿತ್ರವನ್ನು ಕುರಿತವು. ಅದು 2015ರ ನವೆಂಬರ್‌ನಲ್ಲಿ ತೆರೆಕಂಡ, ಕ್ಯಾಟ್ನಿಸ್ ಎವರ್‌ಡೀನ್ ಎಂಬ ಹುಡುಗಿಯ ಕಥೆಯನ್ನು ಮುಗಿಸುವ ‘ಮಾಕಿಂಗ್‌ಜೇ – ಭಾಗ 2’. ಉತ್ತರಗಳಲ್ಲಿ ಕಥೆಯ ಅಂತ್ಯವನ್ನು ಬಿಚ್ಚಿಡದೆ ನಿರ್ವಾಹವಿಲ್ಲ. ಚಿತ್ರವನ್ನು ಇನ್ನೂ ನೋಡದವರು ಕೊನೆಯ ಪ್ರಶ್ನೆಯನ್ನಷ್ಟೇ ಓದಿ, ಉಳಿದದ್ದನ್ನು ಎತ್ತಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಾಲ್ಕು ಚಿತ್ರಗಳ ಉದ್ದಕ್ಕೂ ಕಾಯಿಸಿ, ಕೊನೆಗೆ ನಾಯಕಿ ಪ್ರಜ್ಞೆ ತಪ್ಪಿ ಬಿದ್ದು ಏಳುವಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆ. ಕೈಲ್‌ಮುಹೂರ್ತದ ದಿನ ಕೋವಿಗೆ ತೋಕ್‌ಪೂ ಇಟ್ಟು ಪೂಜಿಸುವ ಮನೆಯಲ್ಲಿ ಬೆಳೆದ ನಾನು, ಬಿಲ್ಲು ಹಿಡಿದವಳಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಿದ್ದೆ. ಇದು ಪ್ರೇಕ್ಷಕನಿಗೆ ಮಾಡಿದ ಮೋಸವಲ್ಲವೇ?
— ಓದುಗರು, ಪೊನ್ನಂಪೇಟೆ

ಉತ್ತರ: ನಿಮ್ಮ ನಿರಾಸೆ ನನಗೆ ಅರ್ಥವಾಗುತ್ತದೆ, ಆದರೆ ಮೋಸವೆಂಬ ಮಾತನ್ನು ಒಪ್ಪಲಾರೆ. ಕ್ಯಾಪಿಟಲ್ ನಗರದ ಬೀದಿಬೀದಿಯಲ್ಲೂ ಗುಪ್ತ ಬಲೆಗಳನ್ನು ಹೂಡಲಾಗಿದೆಯೆಂದು ತಿಳಿದಾಗ ಅವಳ ಜೊತೆಗಾರ ಫಿನಿಕ್ ಅದನ್ನು 76ನೆಯ ಹಂಗರ್ ಗೇಮ್ಸ್ ಎಂದೇ ಕರೆಯುತ್ತಾನೆ. ಅಂದರೆ, ಮಕ್ಕಳನ್ನು ಪರಸ್ಪರ ಕೊಲ್ಲಿಸುತ್ತಿದ್ದ ಆ ಕಣದಿಂದ ಕ್ಯಾಟ್ನಿಸ್ ಹೊರಬಂದೇ ಇಲ್ಲ. ಕಣಕ್ಕೆ ಒಡೆಯರು ಬದಲಾಗಿದ್ದಾರೆ, ಅಷ್ಟೇ. ಬಂಡಾಯದ ನಾಯಕಿ ಕಾಯ್ನ್ ಅವಳನ್ನು ಕಳಿಸಿದ್ದು ಯುದ್ಧದ ಮುಂಚೂಣಿಗಲ್ಲ, ಕ್ಯಾಮೆರಾದ ಮುಂದೆ ನಿಲ್ಲುವ ತುಕಡಿಗೆ. ಅಧ್ಯಕ್ಷ ಸ್ನೋನನ್ನು ಕೊಲ್ಲಲು ತನಗೆ ಗುಪ್ತ ಆದೇಶವಿದೆಯೆಂದು ಅವಳು ಹೇಳುವುದು ಶುದ್ಧ ಸುಳ್ಳು. ಆ ಸುಳ್ಳಿನ ಬೆನ್ನು ಹತ್ತಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಒಳಚರಂಡಿಯ ಕತ್ತಲಲ್ಲಿ ಫಿನಿಕ್‌ನೂ ಹೋಗುತ್ತಾನೆ. ಇಷ್ಟೆಲ್ಲ ಬೆಲೆ ತೆತ್ತು ಅರಮನೆಯ ಬಾಗಿಲಿಗೆ ತಲುಪಿದರೆ ಅಲ್ಲಿ ಅವಳಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಅಲ್ಲಿ ಆಗಸದಿಂದ ಇಳಿಯುವುದು ಬೆಳ್ಳಿಬಣ್ಣದ ಪುಟ್ಟ ಪ್ಯಾರಾಚೂಟುಗಳು. ಮೊದಲ ಚಿತ್ರದಲ್ಲಿ ಸುಟ್ಟ ಗಾಯಕ್ಕೆ ಮುಲಾಮು ತಂದಿದ್ದೂ ಅಂಥದೇ ಪ್ಯಾರಾಚೂಟು ಎಂಬುದನ್ನು ನೆನಪಿಸಿಕೊಳ್ಳಿ. ಅರಮನೆಯ ಮುಂದೆ ಸೇರಿಸಿದ್ದ ಮಕ್ಕಳು ಅದನ್ನು ಉಡುಗೊರೆಯೆಂದು ತಿಳಿದು ಕೈಚಾಚುತ್ತಾರೆ, ಅದು ಸಿಡಿಯುತ್ತದೆ. ಗಾಯಗೊಂಡವರನ್ನು ಉಳಿಸಲು ಓಡಿಬಂದ ವೈದ್ಯಕೀಯ ತಂಡದ ಮೇಲೆ ಎರಡನೆಯ ಸ್ಫೋಟ ಎರಗುತ್ತದೆ. ಆ ತಂಡದಲ್ಲಿ ಕ್ಯಾಟ್ನಿಸ್‌ಳ ತಂಗಿ ಪ್ರಿಮ್ ಇದ್ದಾಳೆ. ಯಾವ ತಂಗಿಯ ಬದಲಿಗೆ ತಾನು ಮುಂದೆ ಬಂದಳೋ, ಯಾರಿಂದಾಗಿ ಈ ಕಥೆಯೇ ಆರಂಭವಾಯಿತೋ, ಅವಳೇ ಹೋದ ಮೇಲೆ ಗೆದ್ದ ಯುದ್ಧದ ಕೇಕೆಯನ್ನು ಪ್ರೇಕ್ಷಕನಿಗೆ ಕೇಳಿಸಬಾರದೆಂಬ ನಿರ್ದೇಶಕ ಫ್ರಾನ್ಸಿಸ್ ಲಾರೆನ್ಸ್ ಅವರ ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ನನ್ನ ದೂರು ಬೇರೆಯದು. ಈ ಚಿತ್ರದಲ್ಲಿ ಪ್ರಿಮ್ ಕಾಣಿಸಿಕೊಳ್ಳುವ ದೃಶ್ಯಗಳು ತೀರಾ ಕಡಿಮೆ. ಬಲೆಗಳಿಗೂ ವಿಕೃತ ಜೀವಿಗಳಿಗೂ ಕೊಟ್ಟ ಸಮಯದಲ್ಲಿ ಕಾಲುಭಾಗವನ್ನು ಅಕ್ಕತಂಗಿಯರಿಗೆ ಕೊಟ್ಟಿದ್ದರೆ ಆ ಸಾವು ಇನ್ನೂ ಆಳಕ್ಕೆ ಇಳಿಯುತ್ತಿತ್ತು. ಆ ಕೊರತೆಯನ್ನು ತುಂಬುವುದು ತಂಗಿಯ ಬೆಕ್ಕು. ಹಾಳುಬಿದ್ದ ಊರಿಗೆ ಅದು ಪ್ರಿಮ್‌ಳನ್ನು ಹುಡುಕಿಕೊಂಡು ಬಂದಾಗ, ಅವಳಿಲ್ಲಿ ಇಲ್ಲವೆಂದು ಚೀರುತ್ತಾ ಕೈಗೆ ಸಿಕ್ಕಿದ್ದನ್ನು ಎಸೆಯುವ ಕ್ಯಾಟ್ನಿಸ್ ಕಡೆಗೆ ಅದನ್ನೇ ಎದೆಗವುಚಿಕೊಂಡು ಅಳುತ್ತಾಳೆ. ಜೆನಿಫರ್ ಲಾರೆನ್ಸ್ ಅವರ ಅಭಿನಯ ಈ ಸರಣಿಯಲ್ಲಿ ಇದಕ್ಕಿಂತ ಎತ್ತರಕ್ಕೆ ಏರಿದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ಪ್ರಿಮ್‌ಳನ್ನು ಕೊಲ್ಲುವ ಉದ್ದೇಶ ಕ್ಯಾಟ್ನಿಸ್‌ಳ ಗೆಳೆಯ ಗೇಲ್‌ಗೆ ಇರಲಿಲ್ಲ. ಬಾಂಬು ತನ್ನದೇ ಹೌದೋ ಅಲ್ಲವೋ ಎಂಬುದೂ ಅವನಿಗೆ ಗೊತ್ತಿಲ್ಲ. ಹಾಗಿದ್ದೂ ಕ್ಯಾಟ್ನಿಸ್ ಅವನನ್ನು ದೂರ ಮಾಡುವುದು ನ್ಯಾಯವೇ? 2018ರ ಮಳೆಯಲ್ಲಿ ಪರಿಹಾರ ಕೇಂದ್ರದಲ್ಲಿ ದುಡಿದವಳು ನಾನು. ಆ ದೃಶ್ಯ ನನ್ನನ್ನು ಬಿಡುತ್ತಿಲ್ಲ.
— ಓದುಗರು, ಮಾದಾಪುರ

ಉತ್ತರ: ನೀವು ಕೊಟ್ಟ ವಿವರದಲ್ಲೇ ಉತ್ತರವಿದೆ, ಅಮ್ಮಾ. ಆ ಆಗಸ್ಟಿನಲ್ಲಿ ಬೆಟ್ಟಗಳು ಜರಿಯುತ್ತಿದ್ದಾಗ, ಮತ್ತೊಮ್ಮೆ ಜರಿದೀತೆಂದು ಗೊತ್ತಿದ್ದೂ ಜನ ಮಣ್ಣಿನಡಿ ಸಿಲುಕಿದವರ ಕಡೆಗೇ ಓಡಿದರು. ಗೇಲ್ ಯೋಚಿಸಿದ ಎರಡು ಹಂತದ ಬಾಂಬು ನಂಬಿಕೊಂಡಿರುವುದು ಮನುಷ್ಯನ ಈ ಸ್ವಭಾವವನ್ನೇ. ಮೊದಲ ಸ್ಫೋಟ ಗಾಯಗೊಳಿಸುವುದಕ್ಕೆ, ಎರಡನೆಯದು ಅವರನ್ನು ಎತ್ತಲು ಬಂದವರಿಗೆ. ಎರಡನೆಯ ಜಿಲ್ಲೆಯ ಕೋಟೆಯ ಮೇಲೆ ಬೆಟ್ಟವನ್ನೇ ಕೆಡವಿ ಒಳಗಿದ್ದವರನ್ನು ಹೂಳುವ ಸಲಹೆಯೂ ಅವನದೇ. ಗಣಿಯಲ್ಲಿ ಅಪ್ಪನನ್ನು ಕಳೆದುಕೊಂಡವನ ಬಾಯಲ್ಲಿ ಆ ಮಾತು ಬಂದಾಗಲೇ ಅವನೂ ಕ್ಯಾಟ್ನಿಸ್‌ಳೂ ಬೇರೆಯಾಗಿದ್ದರು. ಹೀಗಾಗಿ ಆ ಬಾಂಬನ್ನು ಯಾರು ಹಾಕಿದರೆಂಬುದು ಇತ್ಯರ್ಥವಾದರೂ ಅವಳ ತೀರ್ಮಾನ ಬದಲಾಗುತ್ತಿರಲಿಲ್ಲ. ಅಂಥದೊಂದನ್ನು ಕಲ್ಪಿಸಬಲ್ಲ ಮನಸ್ಸಿನ ಜೊತೆ ಬಾಳಲು ಅವಳಿಗೆ ಸಾಧ್ಯವಿಲ್ಲ, ಮತ್ತು ಅದು ನ್ಯಾಯವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಕ್ಯಾಪಿಟಲ್‌ನ ಮಕ್ಕಳನ್ನು ಕಣಕ್ಕಿಳಿಸುವ ಕಾಯ್ನ್ ಪ್ರಸ್ತಾಪಕ್ಕೆ ಕ್ಯಾಟ್ನಿಸ್ ‘ಹೌದು’ ಎನ್ನುವುದೇಕೆ?
— ವಿದ್ಯಾರ್ಥಿ, ಕುಶಾಲನಗರ

ಉತ್ತರ: ಕಾಯ್ನ್‌ಳ ನಂಬಿಕೆಯನ್ನು ಗಳಿಸಿ, ಸ್ನೋನ ಮರಣದಂಡನೆಯ ದಿನ ಬಿಲ್ಲು ಹಿಡಿದು ಅವಳ ಎದುರಿಗೆ ನಿಲ್ಲಲು. ಮತ ಹಾಕುವ ಮೊದಲು ಅವಳು ತನ್ನ ಮಾರ್ಗದರ್ಶಕ ಹೇಮಿಚ್‌ನತ್ತ ನೋಡುವ ನೋಟವನ್ನು ಮತ್ತೊಮ್ಮೆ ಗಮನಿಸಿ. ತಾನು ಮಾಕಿಂಗ್‌ಜೇ (ಬಂಡಾಯದ ಸಂಕೇತವಾದ ಕ್ಯಾಟ್ನಿಸ್) ಜೊತೆಗಿದ್ದೇನೆ ಎಂದಷ್ಟೇ ಅವನು ಹೇಳುವುದು ಅವಳ ಮನಸ್ಸನ್ನು ಓದಿಯೇ. ಬಾಣ ಸ್ನೋನನ್ನು ಬಿಟ್ಟು ಮೇಲೆ ನಿಂತ ಕಾಯ್ನ್‌ಳಿಗೆ ತಾಗುತ್ತದೆ. ಪೊನ್ನಂಪೇಟೆಯ ಓದುಗರು ಬಯಸಿದ ಯುದ್ಧ ಇಡಿಯಾಗಿ ಆ ಒಂದು ಬಾಣದಲ್ಲಿದೆ.

ಪ್ರಶ್ನೆ: ಸೆರೆಯಲ್ಲಿದ್ದ ಪ್ರೇಮಿ ಪೀಟಾನ ನೆನಪುಗಳನ್ನೇ ತಿರುಚಿ ಅವನನ್ನು ಕ್ಯಾಟ್ನಿಸ್‌ಳ ಶತ್ರುವಾಗಿಸುವುದು ನಂಬಲರ್ಹವೇ?
— ಓದುಗರು, ಮಡಿಕೇರಿ

ಉತ್ತರ: ಚಿತ್ರದಲ್ಲಿ ಬಳಸುವ ಕಣಜದ ವಿಷ ಕಲ್ಪನೆ. ಅದರ ಹಿಂದಿನ ಭಯ ಮಾತ್ರ ಹಳೆಯದು. ‘ಬ್ರೈನ್‌ವಾಶಿಂಗ್’ ಎಂಬ ಮಾತು ಇಂಗ್ಲಿಷಿನಲ್ಲಿ ಮನೆಮಾತಾದದ್ದು ಕೊರಿಯಾ ಯುದ್ಧದ ದಿನಗಳಲ್ಲಿ. ಆ ಯುದ್ಧ ನಿಂತ ಮೇಲೆ, ಸ್ವದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953ರಲ್ಲಿ ಅಧ್ಯಕ್ಷರಾದವರು ನಿಮ್ಮೂರಿನವರೇ ಆದ ಜನರಲ್ ತಿಮ್ಮಯ್ಯನವರು. ಕೈದಿಯೊಬ್ಬ ‘ನಾನು ಹೋಗಲಾರೆ’ ಎಂದಾಗ ಅದು ಅವನ ಸ್ವಂತ ಮಾತೋ ಬೇರೆಯವರು ಆಡಿಸಿದ ಮಾತೋ ಎಂಬ ಪ್ರಶ್ನೆಯನ್ನು ಅವರು ದಿನವೂ ಎದುರಿಸಬೇಕಾಗಿತ್ತು. ಈಗ ವಸ್ತುಸಂಗ್ರಹಾಲಯವಾಗಿರುವ ಅವರ ಮನೆ ‘ಸನ್ನಿ ಸೈಡ್’ಗೆ ಹೋದಾಗ ಈ ಸಂಗತಿಯನ್ನು ನೆನೆಯಿರಿ. ಪೀಟಾ ಒಂದೊಂದೇ ನೆನಪನ್ನು ಎತ್ತಿಕೊಂಡು, ಇದು ನಿಜವೋ ಅಲ್ಲವೋ ಎಂದು ಜೊತೆಗಾರರನ್ನು ಕೇಳಿ ತನ್ನನ್ನು ತಾನು ಮರಳಿ ಕಟ್ಟಿಕೊಳ್ಳುವ ದೃಶ್ಯಗಳು ಚಿತ್ರದ ಅತ್ಯಂತ ಸೂಕ್ಷ್ಮ ಭಾಗಗಳು.

ಪ್ರಶ್ನೆ: ಹನ್ನೆರಡು ವರ್ಷದ ಮಗಳಿಗೆ ಇದನ್ನು ತೋರಿಸಬಹುದೇ? ಎರಡು ಭಾಗಗಳನ್ನೂ ನೋಡಲೇಬೇಕೇ?
— ತಾಯಿ, ಗೋಣಿಕೊಪ್ಪ

ಉತ್ತರ: ನೀವು ಪಕ್ಕದಲ್ಲಿ ಕುಳಿತರೆ ತೋರಿಸಬಹುದು. ಒಳಚರಂಡಿಯ ದೃಶ್ಯ ಬಹಳ ಭಯಾನಕವಾಗಿದೆ, ಅದನ್ನು ದಾಟಿಸಿಬಿಡಿ. ಸುಝಾನ್ ಕಾಲಿನ್ಸ್ ಅವರ ಒಂದೇ ಕಾದಂಬರಿಯನ್ನು ಎರಡು ಚಿತ್ರಗಳಾಗಿ ಸೀಳಿದ್ದು ಕಥೆಗೆ ಮಾಡಿದ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಮೊದಲ ಭಾಗ ನಡುವಿನಲ್ಲೇ ತುಂಡಾಗಿ ನಿಲ್ಲುತ್ತದೆ, ಎರಡನೆಯದು ಪೀಠಿಕೆಯೇ ಇಲ್ಲದೆ ಶುರುವಾಗುತ್ತದೆ. ಆದ್ದರಿಂದ ಎರಡನ್ನೂ ಒಂದೇ ದಿನ ನೋಡಿ. 123 ಮತ್ತು 137 ನಿಮಿಷ ಸೇರಿದರೆ ನಾಲ್ಕು ಗಂಟೆ ಇಪ್ಪತ್ತು ನಿಮಿಷವಾಗುತ್ತದೆ. ಕಕ್ಕಡದ ಮಳೆಗೆ ಶಾಲೆಗೆ ರಜೆ ಕೊಟ್ಟ ದಿನ, ಕರೆಂಟು ಇದ್ದರೆ, ಮಧ್ಯಾಹ್ನದ ಊಟಕ್ಕೆ ಮೊದಲು ಒಂದು, ಊಟದ ನಂತರ ಇನ್ನೊಂದು ಎಂದು ಇಟ್ಟುಕೊಳ್ಳಿ.