ಪಾಸ್‌ವರ್ಡ್ ಹಾಕಿದ್ದರೂ ನನ್ನ ಫೈಲ್‌ಗಳನ್ನು ಬೇರೆಯವರು ನೋಡುತ್ತಿದ್ದಾರೆ, ಹೇಗೆ?

ನೀವು ಕೇಳಿರುವುದು ಇಷ್ಟು: ಒಂದೇ ವಿಂಡೋಸ್ ಕಂಪ್ಯೂಟರ್, ಬಳಸುವವರು ನಾಲ್ಕು ಜನ, ಒಬ್ಬೊಬ್ಬರಿಗೂ ಬೇರೆ ಅಕೌಂಟ್. ನಿಮ್ಮದಕ್ಕೆ ಗಟ್ಟಿ ಪಾಸ್‌ವರ್ಡ್ ಇದೆ. ಆದರೂ ನಿಮ್ಮ ಫೈಲ್‌ಗಳನ್ನು ಯಾರೋ ತೆರೆದು ನೋಡಿದ್ದಾರೆ.

ಪಾಸ್‌ವರ್ಡ್ ವಿಷಯ ಆಮೇಲೆ. ಮೊದಲು ಅಡ್ಮಿನ್, ಅಂದರೆ ಕಂಪ್ಯೂಟರ್ ಮೇಲೆ ಪೂರ್ತಿ ಅಧಿಕಾರ ಇರುವವರು, ಯಾರ್ಯಾರು ಅಂತ ನೋಡಿ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ಭಾಗದಲ್ಲಿ 'ಅದರ್ ಯೂಸರ್ಸ್' ತೆರೆದರೆ ಗೊತ್ತಾಗುತ್ತದೆ. ಹಂಚಿಕೊಂಡು ಬಳಸುವ ಕಂಪ್ಯೂಟರ್‌ಗಳಲ್ಲಿ ನಾನು ಜಾಸ್ತಿ ಕಂಡಿರುವುದು ಒಂದೇ: ಎಲ್ಲರೂ ಅಡ್ಮಿನ್! 'ಸಾಫ್ಟ್‌ವೇರ್ ಹಾಕಲು ಬೇಕಾಗುತ್ತೆ' ಅಂತ ಯಾರೋ ಒಮ್ಮೆ ಮಾಡಿಟ್ಟಿರುತ್ತಾರೆ, ಅಷ್ಟೇ.

ಹಾಗಿದ್ದರೆ ನಿಮ್ಮ ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ ಲೆಕ್ಕಕ್ಕಿಲ್ಲ. ಅಡ್ಮಿನ್ ಆದವರು ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್‌ನಲ್ಲಿ ನಿಮ್ಮ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ, ವಿಂಡೋಸ್ 'ನಿಮಗೆ ಅನುಮತಿ ಇಲ್ಲ' ಅನ್ನುತ್ತದೆ. ಜೊತೆಗೇ 'ಕಂಟಿನ್ಯೂ' ಬಟನ್ ಕೂಡ ತೋರಿಸುತ್ತದೆ. ಒತ್ತಿದರೆ ಒಳಗೆ. ಇಲ್ಲಿ ಹಲವರಿಗೆ ಗೊತ್ತಿಲ್ಲದ ವಿಷಯ ಏನೆಂದರೆ, ಒಮ್ಮೆ ಒತ್ತಿದರೆ ಆ ಅನುಮತಿ ಹಾಗೇ ಉಳಿಯುತ್ತದೆ. ನಾಳೆ ಅವರನ್ನು ಅಡ್ಮಿನ್ ಅಧಿಕಾರವಿಲ್ಲದ ಸ್ಟ್ಯಾಂಡರ್ಡ್ ಯೂಸರ್ ಮಾಡಿದರೂ ಅದು ಹೋಗುವುದಿಲ್ಲ. ಹಾಗಾಗಿ ನಿಮ್ಮ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ ಟ್ಯಾಬ್ ನೋಡಿ. ಅಲ್ಲಿ ಜೊತೆಗಾರರ ಹೆಸರಿದ್ದರೆ ತೆಗೆಯಿರಿ. ಯಾರು ಇಣುಕಿದ್ದು ಅನ್ನುವುದಕ್ಕೂ ಅಲ್ಲೇ ಉತ್ತರ ಸಿಗಬಹುದು.

ಸರಿಪಡಿಸುವುದು ಕಷ್ಟವಲ್ಲ. ಅಡ್ಮಿನ್‌ಗೇ ಅಂತ ಒಂದು ಪ್ರತ್ಯೇಕ ಅಕೌಂಟ್ ಮಾಡಿ. ಉಳಿದ ನಾಲ್ಕೂ ಸ್ಟ್ಯಾಂಡರ್ಡ್ ಆಗಲಿ, ನಿಮ್ಮದೂ ಸೇರಿ. ಸಾಫ್ಟ್‌ವೇರ್ ಹಾಕುವಾಗ ವಿಂಡೋಸ್ ತಾನೇ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ, ಅದು ಗೊತ್ತಿರುವವರು ಬಂದು ಟೈಪ್ ಮಾಡಿದರೆ ಸಾಕು.

ಇನ್ನೊಂದು, ಫೈಲ್‌ಗಳನ್ನು ಎಲ್ಲಿ ಇಟ್ಟಿದ್ದೀರಿ? ಡಿ ಡ್ರೈವ್‌ನಲ್ಲಾದರೆ ಯಾರೂ ಅಡ್ಮಿನ್ ಆಗಬೇಕಾಗಿಯೇ ಇಲ್ಲ. ಅಲ್ಲಿ ಸುಮ್ನೆ ಫೋಲ್ಡರ್ ಮಾಡಿದರೆ, ಲಾಗಿನ್ ಆದ ಯಾರು ಬೇಕಾದರೂ ಅದನ್ನು ಓದಬಹುದು, ಅಳಿಸಲೂಬಹುದು. ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್‌ಗೆ ಸಾಗಿಸಿ. ಫೋಲ್ಡರನ್ನು 'ಹಿಡನ್' ಮಾಡುವುದು ರಕ್ಷಣೆಯೇ ಅಲ್ಲ.

ಇಷ್ಟಾದರೂ ಒಂದು ದಾರಿ ತೆರೆದಿರುತ್ತದೆ. ಪೆನ್ ಡ್ರೈವ್‌ನಲ್ಲಿ ಲಿನಕ್ಸ್ (ವಿಂಡೋಸ್ ಬದಲು ಬಳಸುವ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಿ ಅದರಿಂದ ಕಂಪ್ಯೂಟರ್ ಶುರು ಮಾಡಿದರೆ, ವಿಂಡೋಸ್‌ನ ಅನುಮತಿಗಳನ್ನು ಕೇಳುವವರೇ ಇರುವುದಿಲ್ಲ. ವಿಂಡೋಸ್‌ಗಿಂತ ಮೊದಲೇ ಶುರುವಾಗುವ ಬಯೋಸ್‌ಗೆ ಪಾಸ್‌ವರ್ಡ್ ಹಾಕಿದರೆ ಸ್ವಲ್ಪ ತಡೆಯುತ್ತದೆ, ಆದರೆ ಡಿಸ್ಕನ್ನೇ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೆ ಅದು ಏನು ಮಾಡುತ್ತೆ? ಇದಕ್ಕೆ ಡಿಸ್ಕ್ ಎನ್‌ಕ್ರಿಪ್ಟ್ ಮಾಡಲೇಬೇಕು, ಅಂದರೆ ಕೀ ಇಲ್ಲದೆ ಯಾರೂ ಓದಲಾಗದ ಹಾಗೆ ಮಾಡಬೇಕು. ವಿಂಡೋಸ್ ಪ್ರೊ ಆವೃತ್ತಿ ಇದ್ದರೆ ಅದರಲ್ಲೇ ಇರುವ ಬಿಟ್‌ಲಾಕರ್. ಹೋಮ್ ಆದರೆ, ಯಂತ್ರಕ್ಕೆ ಆ ಸೌಲಭ್ಯವಿದ್ದಲ್ಲಿ 'ಡಿವೈಸ್ ಎನ್‌ಕ್ರಿಪ್ಷನ್'. ಹಂಚಿಕೊಂಡ ಕಂಪ್ಯೂಟರ್‌ಗೆ ನನಗೆ ಇದು ಇಷ್ಟ, ಯಾಕೆಂದರೆ ಡಿಸ್ಕಿನ ಕೀ ಟಿಪಿಎಂ ಎಂಬ, ಕಂಪ್ಯೂಟರ್ ಒಳಗಿನ ಭದ್ರತಾ ಚಿಪ್ ಹತ್ತಿರ ಇರುತ್ತದೆ, ಬಳಸುವವರ ಹತ್ತಿರ ಅಲ್ಲ. ಲಿನಕ್ಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಲಕ್ಸ್ (LUKS) ಆದರೆ, ಸಾಮಾನ್ಯವಾಗಿ ಕಂಪ್ಯೂಟರ್ ಶುರುವಾಗುವಾಗ ಪಾಸ್‌ಫ್ರೇಸ್ (ಉದ್ದದ ಪಾಸ್‌ವರ್ಡ್) ಕೊಡಬೇಕು. ಅದನ್ನು ನಾಲ್ವರಿಗೂ ಹೇಳಿದರೆ ಪೆನ್ ಡ್ರೈವ್ ದಾರಿ ಮತ್ತೆ ತೆರೆದಂತೆಯೇ, ಅಲ್ವಾ? ಡಿಸ್ಕ್ ತೆರೆಯದೆ ಹೋದಾಗ ಬೇಕಾಗುವ, ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಯನ್ನು ಮಾತ್ರ ಆ ಕಂಪ್ಯೂಟರ್‌ನಲ್ಲಿ ಇಡಬೇಡಿ. ಡಿ ಡ್ರೈವ್‌ಗೂ ಬಿಟ್‌ಲಾಕರನ್ನು ಬೇರೆಯಾಗಿ ಆನ್ ಮಾಡುವುದನ್ನು ಮರೆಯಬೇಡಿ.

ಎದ್ದು ಹೋಗುವಾಗ ವಿಂಡೋಸ್ ಕೀ ಮತ್ತು ಎಲ್ ಒತ್ತಿ ಲಾಕ್ ಮಾಡಿ. ಬ್ರೌಸರ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿಕೊಂಡಿದ್ದೇನೆ ಅನ್ನುವ ಧೈರ್ಯ ಬೇಡ. ಒಂದೇ ವಿಂಡೋಸ್ ಅಕೌಂಟ್‌ನೊಳಗೆ ಆ ಪ್ರೊಫೈಲ್‌ಗಳ ನಡುವೆ ಗೋಡೆ ಇಲ್ಲ.

ಇದೆಲ್ಲ ನಡೆಯುವುದು ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಬಳಿಯೋ, ನೀವು ನಂಬುವವರ ಬಳಿಯೋ ಇದ್ದರೆ ಮಾತ್ರ. ಇಣುಕುತ್ತಿರುವವರೇ ಅಡ್ಮಿನ್ ಆಗಿದ್ದು, ಅದನ್ನು ಬಿಟ್ಟುಕೊಡದಿದ್ದರೆ ಯಾವ ಸೆಟ್ಟಿಂಗೂ ಸಹಾಯಕ್ಕೆ ಬರುವುದಿಲ್ಲ. ನೀವು ಒತ್ತುವ ಪ್ರತಿ ಕೀಯನ್ನೂ ದಾಖಲಿಸುವ ಸಾಫ್ಟ್‌ವೇರ್ ಅನ್ನು ಅವರು ಹಾಕಿರಬಹುದು. ಆಗ ಖಾಸಗಿ ಫೈಲ್‌ಗಳನ್ನು ಅಲ್ಲಿಂದ ತೆಗೆದುಬಿಡಿ. ಅಲ್ಲಿ ಟೈಪ್ ಮಾಡಿದ್ದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ನಿಮ್ಮ ಫೋನ್‌ನಿಂದಲೇ ಬದಲಾಯಿಸಿ.