ಎರಡು ಘೋಡ್‌ಬಂದರ್ ರಸ್ತೆ ಇದೆಯಾ?

ನಿಮ್ಮ ತಂದೆಯವರ ಮುಂಬೈ ಅಂಧೇರಿಯ ಹಳೇ ಬಾಡಿಗೆ ರಸೀದಿಯಲ್ಲಿ ‘ಘೋಡ್‌ಬಂದರ್ ರೋಡ್’ ಅಂತ ಇದೆ, ಅದು ಥಾಣೆಯಲ್ಲಿ ಅಲ್ವಾ ಎಂದು ಕೇಳಿದ್ದೀರಿ. ರಸೀದಿ ತಪ್ಪಿಲ್ಲ. ಈಗಿನ ಎಸ್.ವಿ. (ಸ್ವಾಮಿ ವಿವೇಕಾನಂದ) ರೋಡಿನ ಹಳೇ ಹೆಸರೇ ಅದು. ಬಾಂದ್ರಾದಿಂದ ಉತ್ತರಕ್ಕೆ, ಘೋಡ್‌ಬಂದರ್ ಕಡೆ ಹೋಗುವ ದಾರಿ. ನಮ್ಮ ಕಡೆಯ ಹಳೇ ಹೋಟೆಲಿನವರು ಈಗಲೂ ಬಾಯಿತಪ್ಪಿ ಹಾಗೇ ಹೇಳುತ್ತಾರೆ.

ಥಾಣೆಯದು ಬೇರೆ, ರಾಜ್ಯ ಹೆದ್ದಾರಿ 42. ಮಾಜಿವಾಡಾದಲ್ಲಿ ಶುರು. ಕಾಪೂರ್‌ಬಾವ್ಡಿ, ಮಾನ್‌ಪಾಡಾ, ಕಾಸಾರ್‌ವಡವಲಿ ದಾಟಿ ಗಾಯ್‌ಮುಖ್ ಘಾಟಿಗೆ ಬರುತ್ತದೆ. ಅಲ್ಲಿ ಎಡಕ್ಕೆ ನ್ಯಾಷನಲ್ ಪಾರ್ಕಿನ ಕಾಡು, ಬಲಕ್ಕೆ ಖಾಡಿ, ಅಂದರೆ ಸಮುದ್ರದ ನೀರು ಒಳಗೆ ಬರುವ ಹಿನ್ನೀರು. ಕೊನೆಗೆ ಫೌಂಟನ್ ಹೋಟೆಲ್ ಹತ್ತಿರ ಅಹಮದಾಬಾದ್ ಹೆದ್ದಾರಿ ಸೇರುತ್ತದೆ. ಇಷ್ಟೇ ದೂರಕ್ಕೆ ನಾನು ಒಮ್ಮೆ ಎರಡೂವರೆ ಗಂಟೆ ಕೂತಿದ್ದೇನೆ, ಮುಂದಿದ್ದ ಟ್ರಕ್ಕಿನ ನಂಬರು ಬಾಯಿಪಾಠ ಆಗಿತ್ತು!

ಹೆಸರು ಬಂದಿದ್ದು ಖಾಡಿ ದಡದ ಊರಿನಿಂದ. ಘೋಡಾ ಅಂದರೆ ಕುದುರೆ, ಬಂದರ್ ಗೊತ್ತೇ ಇದೆ. ಪೋರ್ಚುಗೀಸರ ಕಾಲದಲ್ಲಿ ಅರಬರ ಜೊತೆ ಇಲ್ಲಿ ಕುದುರೆ ವ್ಯಾಪಾರ ನಡೆಯುತ್ತಿತ್ತಂತೆ. ಪೋರ್ಚುಗೀಸರು ಕಟ್ಟಿದ ಕೋಟೆಯನ್ನು 1737ರಲ್ಲಿ ಮರಾಠರು ಗೆದ್ದರು. ಕೋಟೆ ಇನ್ನೂ ಇದೆ, ಭಾನುವಾರ ಬೆಳಿಗ್ಗೆ ಬೇಗ ಹೋಗಿ.

ರಸೀದಿ ಮಾತ್ರ ಎಸೆಯಬೇಡಿ.