ಮಂಗನ ಕಾಯಿಲೆ: ಬೆಟ್ಟಕ್ಕೆ ಹೋಗುವವರ ಮನೆಗೆ ಒಂದಿಷ್ಟು ಮಾತು

ಹೊಸನಗರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ಪಕ್ಕದ ಮನೆಯವರಿಗೆ ಮಂಗನ ಕಾಯಿಲೆ ಬಂದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಊರಲ್ಲಿ ಯಾರೂ ಅವರ ಅಂಗಳಕ್ಕೆ ಕಾಲಿಡುತ್ತಿಲ್ಲ. ನಾನು ಗಂಜಿ ತಗೊಂಡು ಹೋದರೆ ಅತ್ತೆ ಬೈಯುತ್ತಾರೆ. ಬೆಟ್ಟಕ್ಕೆ ಹೋಗಬೇಡಿ ಅಂತ ಮೈಕಿನಲ್ಲಿ ಕೂಗುತ್ತಾರೆ. ಕೊಟ್ಟಿಗೆಗೆ ಹಾಸಲು ದರಕು (ಒಣ ಎಲೆ) ಬೇಡವೇ? ಮೊದಲು ಸೂಜಿ ಹಾಕುತ್ತಿದ್ದರು, ಈಗ ಅದೂ ಇಲ್ಲ. ನಾವು ಏನು ಮಾಡಬೇಕು?”

ಸಂಪಾದಕರ ಉತ್ತರ:

ತಂಗಿ, ಮೊದಲು ಗಂಜಿಯ ವಿಷಯ. ಧೈರ್ಯವಾಗಿ ಹೋಗಿ ಕೊಡಿ. ಈ ಕಾಯಿಲೆ ಒಬ್ಬರನ್ನು ಮುಟ್ಟಿದರೆ, ಹತ್ತಿರ ಕೂತರೆ, ಅವರ ತಟ್ಟೆ ಲೋಟ ತೊಳೆದರೆ ಬರುವುದಿಲ್ಲ. ವೈರಸ್ ಬರುವುದು ಉಣುಗು (ರಕ್ತ ಹೀರುವ ಉಣ್ಣೆ ಹುಳ) ಕಚ್ಚಿದಾಗ. ಮನೆಯಲ್ಲಿ ಮಲಗಿರುವ ರೋಗಿಯಿಂದ ಊರಿಗೆ ಏನೂ ಅಪಾಯವಿಲ್ಲ. ಅವರನ್ನು ದೂರ ಇಟ್ಟರೆ ಇನ್ನೊಂದು ತೊಂದರೆಯೂ ಇದೆ. ನಾಳೆ ಬೇರೆ ಯಾರಿಗೋ ಜ್ವರ ಬಂದರೆ ಅವರು ಹೇಳಿಕೊಳ್ಳುವುದೇ ಇಲ್ಲ. ಮಾತ್ರೆ ನುಂಗಿ ಸುಮ್ನೆ ಮಲಗುತ್ತಾರೆ. ಇದನ್ನು ನಿಮ್ಮ ಅತ್ತೆಯವರಿಗೆ ಓದಿ ಹೇಳಿ.

ಆದರೆ ಅವರ ಭಯವನ್ನು ತಳ್ಳಿಹಾಕುವಂತಿಲ್ಲ. ಈ ರೋಗ ಮೊದಲು ಗೊತ್ತಾಗಿದ್ದು ನಿಮ್ಮ ಶಿವಮೊಗ್ಗ ಜಿಲ್ಲೆಯದೇ ಸೊರಬ ತಾಲ್ಲೂಕಿನಲ್ಲಿ, 1957ರಲ್ಲಿ. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜೊತೆಗೇ ಜನರಿಗೂ ಜ್ವರ ಬಂತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರು ತೀರಿಕೊಂಡರು. ಕಾಯಿಲೆ ಬಂದ ನೂರು ಜನರಲ್ಲಿ ಸುಮಾರು ಮೂರರಿಂದ ಐದು ಜನ ಸಾಯುತ್ತಾರೆ. ಉಳಿದವರು ಚೇತರಿಸಿಕೊಳ್ಳುತ್ತಾರೆ, ಆದರೆ ನಿಶ್ಶಕ್ತಿ ಎಷ್ಟೋ ವಾರ ಬಿಡುವುದಿಲ್ಲ. ಹಾಗಾಗಿ ಅತ್ತೆಯವರು ಹೆದರುವುದು ಸರಿಯೇ. ಪಕ್ಕದ ಮನೆಗೆ ಹೆದರುವ ಬದಲು ದರಕಿನ ರಾಶಿಗೆ ಹೆದರಬೇಕು, ಅಷ್ಟೇ.

ಉಣುಗಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ದನದ ಕಿವಿಯಲ್ಲಿ, ಕೆಚ್ಚಲ ಬಳಿ ಉಬ್ಬಿಕೊಂಡಿರುವ ದೊಡ್ಡ ಉಣುಗನ್ನು ನಾವೆಲ್ಲ ನೋಡಿದ್ದೇವೆ. ಜನರಿಗೆ ಜಾಸ್ತಿ ಕಾಯಿಲೆ ತರುವುದು ಅದಲ್ಲ, ಮರಿ ಉಣುಗು. ಅದು ಎಳ್ಳಿಗಿಂತ ಚಿಕ್ಕದು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮಳೆ ನಿಂತ ಮೇಲೆ, ಹೆಚ್ಚುಕಡಿಮೆ ಡಿಸೆಂಬರ್‌ನಿಂದ ಮೇ ತನಕ, ಈ ಮರಿಗಳು ನೆಲದ ಮೇಲಿನ ಒಣ ಎಲೆಯಲ್ಲಿ, ಹುಲ್ಲಿನ ತುದಿಯಲ್ಲಿ ಕಾದು ಕೂತಿರುತ್ತವೆ. ಪ್ರಾಣಿಯೋ ಮನುಷ್ಯರೋ ತಾಗಿದರೆ ಹತ್ತಿಕೊಳ್ಳುತ್ತವೆ. ನಾವು ಅಡಿಕೆ ಕೊಯ್ಯುವುದೂ, ದರಕು ಗುಡಿಸುವುದೂ, ಸೌದೆ ತರುವುದೂ ಅದೇ ತಿಂಗಳುಗಳಲ್ಲಿ, ಅಲ್ವಾ? ಕಷ್ಟ ಇರುವುದು ಇಲ್ಲೇ.

ಮಂಗ ಸಾಯುವುದಕ್ಕೂ ಇದಕ್ಕೂ ಇರುವ ಸಂಬಂಧವನ್ನು ಮಕ್ಕಳಿಗೂ ತಿಳಿಸಿ. ಮುಸಿಯ (ಕಪ್ಪು ಮೂತಿಯ ಲಂಗೂರ್) ಮತ್ತು ಕೆಂಪು ಮೂತಿಯ ಮಂಗಗಳಿಗೆ ಈ ವೈರಸ್ ತಡೆದುಕೊಳ್ಳುವ ಶಕ್ತಿ ಇಲ್ಲ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳು ಕೆಳಗೆ ಉದುರುತ್ತವೆ. ಆ ಜಾಗದಲ್ಲಿ ವೈರಸ್ ಇರುವ ಉಣುಗು ಒಂದೇ ಕಡೆ ಗುಂಪಾಗಿರುತ್ತದೆ. ಅದಕ್ಕೇ ಸತ್ತ ಮಂಗನನ್ನು ನೋಡಲು ಹೋಗಬಾರದು, ಎಳೆದು ಹಾಕಬಾರದು, ಭಕ್ತಿಯಿಂದ ಮಣ್ಣು ಮಾಡಲೂ ಹೋಗಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಆಶಾ ಕಾರ್ಯಕರ್ತೆಗೋ, ಅರಣ್ಯ ಇಲಾಖೆಯ ಗಾರ್ಡ್‌ಗೋ ಕೂಡಲೇ ಫೋನ್ ಮಾಡಿ. ಅವರು ಬಂದು ಸುತ್ತಲೂ ಉಣುಗು ಸಾಯಿಸುವ ಪುಡಿ ಹೊಡೆಯುತ್ತಾರೆ, ಮಂಗನ ಪರೀಕ್ಷೆಗೆ ವ್ಯವಸ್ಥೆ ಮಾಡುತ್ತಾರೆ. ಆ ಕಡೆಗೆ ದನ ಬಿಡಬೇಡಿ. ಈ ಸಲ ಅಲ್ಲಿಯ ದರಕೂ ಬೇಡ.

ಬೆಟ್ಟಕ್ಕೆ ಹೋಗದೆ ಹೇಗೆ ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಕೊಟ್ಟಿಗೆ ಇರುವ ಮನೆಗೆ ಬರೀ ‘ಹೋಗಬೇಡಿ’ ಅಂದರೆ ಸಾಲದು. ಮಂಗ ಸತ್ತ ಕಡೆಗಂತೂ ಹೋಗಲೇಬೇಡಿ. ಬೇರೆ ಕಡೆ ಹೋಗಲೇಬೇಕು ಅಂತಾದರೆ ಉದ್ದ ತೋಳಿನ ಅಂಗಿ, ಪ್ಯಾಂಟು ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಹೆಂಗಸರು ಸೀರೆಯ ಒಳಗೆ ಪ್ಯಾಂಟು ಹಾಕಿಕೊಂಡರೂ ಆಯಿತು, ಇದರಲ್ಲಿ ನಾಚಿಕೆ ಏನಿಲ್ಲ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಹೊರಡುವ ಮೊದಲು ಕೈ, ಕಾಲು, ಕುತ್ತಿಗೆಗೆ ಹಚ್ಚಿ. ಕಣ್ಣು, ಬಾಯಿಗೆ ತಾಗಬಾರದು. ಬುತ್ತಿ ಬಿಚ್ಚುವಾಗ ದರಕಿನ ಮೇಲೆ ಕೂರಬೇಡಿ, ಬಂಡೆಯ ಮೇಲೆ ಕೂತುಕೊಳ್ಳಿ. ದರಕಿನ ಹೊರೆಯನ್ನು ತಲೆ, ಹೆಗಲ ಮೇಲೆ ಹೊರುವುದು ಎಲ್ಲಕ್ಕಿಂತ ಅಪಾಯ, ಯಾಕೆಂದರೆ ಅದು ನೇರವಾಗಿ ಕುತ್ತಿಗೆಗೆ ತಾಗುತ್ತದೆ. ಭತ್ತದ ಹುಲ್ಲು ಸಿಗುವಂತಿದ್ದರೆ ಈ ತಿಂಗಳುಗಳಲ್ಲಿ ಕೊಟ್ಟಿಗೆಗೆ ಅದನ್ನೇ ಹಾಸಿ. ಖರ್ಚಾಗುತ್ತದೆ, ನನಗೂ ಗೊತ್ತು. ಆದರೂ ಹೇಳುತ್ತೇನೆ.

ಸಂಜೆ ಮನೆಗೆ ಬಂದ ಕೂಡಲೇ ಒಳಗೆ ಹೋಗಿ ಚಾ ಕುಡಿಯಲು ಕೂರಬೇಡಿ. ನೇರ ಬಚ್ಚಲಿಗೆ. ನಮ್ಮ ಕಡೆ ಬಚ್ಚಲ ಒಲೆಗೆ ಹೇಗೂ ಬೆಂಕಿ ಇರುತ್ತದೆ, ಹಂಡೆಯಲ್ಲಿ ನೀರು ಕಾದಿರುತ್ತದೆ. ಸೋಪು ಹಚ್ಚಿ ಬಿಸಿನೀರಲ್ಲಿ ಚೆನ್ನಾಗಿ ಉಜ್ಜಿ ಸ್ನಾನ ಮಾಡಿ. ಉಟ್ಟ ಬಟ್ಟೆಯನ್ನು ಅಲ್ಲೇ ಕುದಿಯುವ ನೀರಿನಲ್ಲಿ ನೆನೆಹಾಕಿ. ಕಂಕುಳು, ತೊಡೆಸಂದಿ, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ, ತಲೆಗೂದಲು ನೋಡಿಕೊಳ್ಳಿ. ಕಾಣದ ಕಡೆ ಮನೆಯವರು ನೋಡಲಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಬೀಡಿ ಬೆಂಕಿ ತಾಗಿಸುವುದು, ಸೀಮೆಎಣ್ಣೆ ಹಾಕುವುದು, ಉಗುರಿನಲ್ಲಿ ಕುಕ್ಕಿ ಒಡೆಯುವುದು ಬೇಡ. ತೆಗೆದ ಮೇಲೆ ಕೈ ಮತ್ತು ಕಚ್ಚಿದ ಜಾಗವನ್ನು ಸೋಪಿನಿಂದ ತೊಳೆಯಿರಿ. ಕಾಡಿಗೆ ಹೋಗಿಬರುವ ದನ, ನಾಯಿಗಳ ಮೈಮೇಲೂ ಉಣುಗು ಮನೆಗೆ ಬರುತ್ತದೆ. ಪಶು ಆಸ್ಪತ್ರೆಯಲ್ಲಿ ಕೇಳಿದರೆ ಔಷಧ ಹೇಳುತ್ತಾರೆ.

ಇಷ್ಟೆಲ್ಲ ಮಾಡಿಯೂ ಜ್ವರ ಬಂದರೆ? ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಜ್ವರ ತಟ್ಟನೆ ಏರುತ್ತದೆ. ವಿಪರೀತ ತಲೆನೋವು, ಸೊಂಟ ಮತ್ತು ಕಾಲಿನ ಮಾಂಸಖಂಡಗಳಲ್ಲಿ ನೋವು, ಕಣ್ಣು ಕೆಂಪು, ವಾಂತಿ. ಕೆಲವರಿಗೆ ವಸಡು, ಮೂಗಿನಲ್ಲಿ ರಕ್ತ. ಮೊದಲ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳುವ ಮೊದಲೇ ಹೇಳಿ: “ನಾನು ಬೆಟ್ಟಕ್ಕೆ ಹೋಗಿದ್ದೆ, ನಮ್ಮ ಕಡೆ ಮಂಗ ಸತ್ತಿತ್ತು.” ಈ ಒಂದು ಮಾತು ಹೇಳದಿದ್ದರೆ ಮಾಮೂಲಿ ಜ್ವರ ಅಂತ ಮಾತ್ರೆ ಕೊಟ್ಟು ಕಳಿಸುವ ಸಾಧ್ಯತೆ ಇದೆ. ವೈರಸ್ ಕೊಲ್ಲುವ ಔಷಧ ಇಲ್ಲ ನಿಜ. ಆದರೆ ಬೇಗ ಗೊತ್ತಾದರೆ ಡ್ರಿಪ್ ಹಾಕಿ, ಪ್ಲೇಟ್‌ಲೆಟ್ ನೋಡುತ್ತಾ ಜೀವ ಉಳಿಸುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಆಸ್ಪಿರಿನ್, ಬ್ರುಫೆನ್ ತರಹದ ನೋವಿನ ಮಾತ್ರೆ ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ಡಾಕ್ಟರನ್ನು ನೋಡುವ ತನಕ ಪ್ಯಾರಾಸಿಟಮಾಲ್ ಸಾಕು.

ನಿಮ್ಮ ಪಕ್ಕದ ಮನೆಯವರ ಬಗ್ಗೆ ಒಂದು ಎಚ್ಚರ. ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದವರಲ್ಲಿ ಕೆಲವರಿಗೆ ಮತ್ತೆ ಜ್ವರ ಬರುತ್ತದೆ. ಆಗ ಕುತ್ತಿಗೆ ಬಿಗಿತ, ಕೈ ನಡುಕ, ಮಾತು ಅಸಂಬದ್ಧ ಆಗುವುದು ಕಂಡರೆ ಒಂದು ಗಂಟೆಯೂ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ತೋಟದ ಯಜಮಾನರಿಗೂ ಒಂದು ಮಾತು. ಅಡಿಕೆ ಕೊಯ್ಲಿಗೆ ಬಯಲುಸೀಮೆಯಿಂದ ಬರುವ ಆಳುಗಳಿಗೆ ಈ ಕಾಯಿಲೆಯ ಹೆಸರೇ ಗೊತ್ತಿರುವುದಿಲ್ಲ. ಕೆಲಸ ಶುರುವಾಗುವ ದಿನವೇ ಅವರಿಗೆ ತಿಳಿಸಿ. ಎಣ್ಣೆ ಕೊಡಿ, ಸಂಜೆ ಸ್ನಾನಕ್ಕೆ ಬಿಸಿನೀರು ಕೊಡಿ. ಜ್ವರ ಬಂದವರನ್ನು ಆಸ್ಪತ್ರೆಗೆ ಕಳಿಸಿ, ಆ ದಿನದ ಕೂಲಿ ಹಿಡಿಯಬೇಡಿ. ಕೂಲಿ ಹೋಗುತ್ತದೆ ಅಂತಲೇ ಎಷ್ಟೋ ಜನ ಜ್ವರ ಇಟ್ಟುಕೊಂಡೇ ದುಡಿಯುತ್ತಾರೆ.

ಇನ್ನು ಸೂಜಿಯ ವಿಷಯ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುವುದಿಲ್ಲ ಎಂದು ಕಂಡುಬಂದಿದ್ದರಿಂದ ಅದನ್ನು ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆಗೂಡಿ ಹೊಸದನ್ನು ತಯಾರಿಸುವ ಕೆಲಸ ನಡೆದಿದೆ. ಹಿಂದೆ ಸೂಜಿ ಹಾಕಿಸಿಕೊಂಡಿದ್ದೇವೆ ಅಂತ ನಂಬಿ ಕೂರಬೇಡಿ, ಅದರ ಬಲ ಈಗ ಉಳಿದಿರುವುದಿಲ್ಲ. ಡೆಪಾ ಎಣ್ಣೆ ನಿಮ್ಮ ಮನೆಗೆ ಇನ್ನೂ ಬಂದಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಅವರ ಹತ್ತಿರವೂ ಇಲ್ಲದಿದ್ದರೆ ಊರಿನ ನಾಲ್ಕು ಜನ ಸೇರಿ ಆರೋಗ್ಯ ಕೇಂದ್ರಕ್ಕೆ ಹೋಗಿ, ಬರವಣಿಗೆಯಲ್ಲೇ ಕೇಳಿ.